ಗುರುವಂದನೆ ದುಡ್ಡಲ್ಲಿ ಹಳ್ಳಿ ಶಾಲೆಗೆ ಕಂಪ್ಯೂಟರ್: ಲ್ಯಾಬೋ, ಸ್ಮಾರ್ಟ್ ಬೋರ್ಡೋ?

ಶಿರಾ_ಹೈದ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ನಮ್ಮ ಎಸ್ಸೆಸ್ಸೆಲ್ಸಿ ಬ್ಯಾಚಿನವರು ಸೇರಿ ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಗುರುವಂದನೆ ಇಟ್ಕೊಂಡಿದ್ವಿ. ಶಾಲು, ಹಾರ, ಹೋಳಿಗೆ ಊಟ ಎಲ್ಲ ಕಳೆದು 2 ಲಕ್ಷ 80 ಸಾವಿರ ಉಳಿದಿದೆ. ಶಾಲೆಗೆ ಕಂಪ್ಯೂಟರ್ ವಿಷಯದಲ್ಲಿ ಏನಾದ್ರೂ ಮಾಡೋಣ ಅನ್ನೋವರೆಗೆ ಎಲ್ಲರದೂ ಒಂದೇ ಮಾತು. ಅಲ್ಲಿಂದ ಮುಂದೆ ಒಬ್ಬೊಬ್ಬರದು ಒಂದೊಂದು ರಾಗ.

ಬೆಂಗಳೂರಲ್ಲಿರೋರು ಟಚ್ ಇರೋ ದೊಡ್ಡ ಸ್ಮಾರ್ಟ್ ಬೋರ್ಡ್ ಹಾಕಿಸಿ ಅಂತಾರೆ. ಒಬ್ಬ ಸೇಲ್ಸ್‌ನವನು ಆಗಲೇ 1 ಲಕ್ಷ 90 ಸಾವಿರಕ್ಕೆ ಕೊಟೇಶನ್ ಕಳಿಸಿದ್ದಾನೆ, ಪಾಠದ ವಿಡಿಯೊ ಎಲ್ಲ ಸೇರಿ. ಊರಲ್ಲಿರೋರು ಹತ್ತು ಕಂಪ್ಯೂಟರಿನ ಲ್ಯಾಬ್ ಆಗಲಿ ಅಂತಾರೆ. ದುಬೈನಲ್ಲಿರೋ ಒಬ್ಬ ಟ್ಯಾಬ್ ಟ್ಯಾಬ್ ಅಂತ ಜಪ ಮಾಡ್ತಿದ್ದಾನೆ.

ಎಚ್ಚೆಮ್ ಮೇಡಂ ಬಾಯಿಬಿಟ್ಟು ಏನೂ ಹೇಳ್ತಿಲ್ಲ, 'ನೀವೇನು ಕೊಟ್ರೂ ಸಂತೋಷ' ಅಷ್ಟೇ. ಹಳೇ ಕಂಪ್ಯೂಟರ್ ರೂಮು ತೋರಿಸಿ ಅಂದ್ರೆ ಬೀಗದ ಕೈ ಹುಡುಕೋಕೇ ಅರ್ಧ ಗಂಟೆ. ಒಳಗೆ ಡಬ್ಬದಂಥ ಮಾನಿಟರುಗಳು ಬೆಡ್‌ಶೀಟ್ ಹೊದ್ದು ಕೂತಿವೆ, ಪಕ್ಕದಲ್ಲಿ ಬಿಸಿಯೂಟದ ಅಕ್ಕಿ ಮೂಟೆ, ಯುಪಿಎಸ್ ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡಿದೆ. ಕರೆಂಟು ಸಿಂಗಲ್ ಫೇಸು, ಮಧ್ಯಾಹ್ನ ವೋಲ್ಟೇಜ್ ಇರಲ್ಲ. ಮೂರು ತರಗತಿ, 140 ಮಕ್ಕಳು. ಅನುಭವ ಇರೋರು ಹೇಳಿ, ಏನು ಮಾಡೋದು?

ಗದಗಿನ_ಮಾಸ್ತರ

ಮೊದಲು ಲ್ಯಾಬಿನ ಕೀಲಿ ಯಾರ ಕಡೆ ಇರಬೇಕು ಅನ್ನೋದನ್ನ ಇತ್ಯರ್ಥ ಮಾಡ್ರಿ, ಆಮೇಲೆ ಕಂಪ್ಯೂಟರ್ ತರ್ರಿ.

ನಾನು ಹೈಸ್ಕೂಲಿನ್ಯಾಗ ಗಣಿತ ಹೇಳಾಂವ. ಲ್ಯಾಬಿನ ಚಾರ್ಜು ಯಾರ ಹೆಸರಿಗಿರತೈತಿ ಅವರಿಗೆ ಒಂದ ಅಂಜಿಕಿ: ಒಂದು ಮೌಸ್ ಕಳುವಾದ್ರೂ ಸ್ಟಾಕ್ ರಿಜಿಸ್ಟರಿಗೆ ಉತ್ತರಾ ಕೊಡಬೇಕು, ಆಡಿಟ್‌ನ್ಯಾಗ ರಿಕವರಿ ಅಂತ ಬರದ್ರ ಪಗಾರದಾಗ ಹಿಡಿತಾರ. ಹಿಂಗಾಗಿ ಕೀಲಿ ಹಾಕಿ ಇಡೋದ ಪಾಡು. ಮಕ್ಕಳು ಮುಟ್ಟದಿದ್ರ ಮಷಿನ್ ಕೆಡೂದಿಲ್ಲ, ಮಷಿನ್ ಕೆಡದಿದ್ರ ಮಾಸ್ತರಗ ನಿದ್ದಿ ಹತ್ತತೈತಿ. ನಿಮ್ಮ ಮೇಡಂ ಯಾಕ ಸುಮ್ಮನ ಕುಂತಾರ ಅಂತ ಈಗ ತಿಳೀತೇನ್ರಿ?

ಮಲ್ನಾಡ್_ಮಳೆ

ಸ್ಮಾರ್ಟ್ ಬೋರ್ಡ್ ಬೇಡ. ಪೂರ್ಣವಿರಾಮ.

ಟೆಕ್ಕಿ_ತಿಮ್ಮ

ಯಾಕೆ ಬೇಡ ಅಂತ ಕಾರಣ ಕೊಡಿ ಮಳೆಯವ್ರೇ. ನನ್ನ ಮಗ ಓದೋ ಶಾಲೆಯಲ್ಲಿ ಪ್ರತಿ ಕ್ಲಾಸಲ್ಲೂ ಇದೆ. ಹೃದಯ ಹೇಗೆ ರಕ್ತ ತಳ್ಳುತ್ತೆ ಅಂತ ಬೋರ್ಡ್ ಮೇಲೆ ಬಡಿದುಕೊಳ್ಳೋದನ್ನೇ ನೋಡ್ತಾರೆ ಮಕ್ಕಳು. ಹಳ್ಳಿ ಮಕ್ಕಳು ಮಾತ್ರ ಸೀಮೆಸುಣ್ಣದ ಹೃದಯ ನೋಡ್ಬೇಕಾ?

ಮಲ್ನಾಡ್_ಮಳೆ

ಕಾರಣ ಬೇಕಾ, ತಗೊಳ್ಳಿ. ನಮ್ಮೂರ ಶಾಲೆಗೆ ಒಬ್ಬ ದಾನಿ ಹಾಕಿಸಿಕೊಟ್ರು. ಮೊದಲ ವರ್ಷ ಚೆನ್ನಾಗಿತ್ತು. ಎರಡನೇ ವರ್ಷ ಪಾಠದ ಸಾಫ್ಟ್‌ವೇರಿನ ಚಂದಾ ಮುಗೀತು, ನವೀಕರಣಕ್ಕೆ ದುಡ್ಡು ಕೇಳಿದ್ರು. ದಾನಿ ಫೋನ್ ಎತ್ತಲಿಲ್ಲ. ಈಗ ಅದರಲ್ಲಿ ಹಾಡು ಹಾಕಿಕೊಂಡು ಸ್ವಾತಂತ್ರ್ಯ ದಿನಕ್ಕೆ ಡ್ಯಾನ್ಸ್ ಪ್ರಾಕ್ಟೀಸ್ ಮಾಡ್ತಾರೆ. ದಾನಿಯ ಹೆಸರು ಬರೆಸಿದ ಗ್ರಾನೈಟ್ ಮಾತ್ರ ಫಳಫಳ ಅಂತಿದೆ.

ಹೃದಯದ ವಿಡಿಯೊಗೆ 1 ಲಕ್ಷ 90 ಸಾವಿರ ಯಾಕೆ? ಒಂದು ಪ್ರೊಜೆಕ್ಟರು, ಬಿಳಿ ಗೋಡೆ ಸಾಕು. ಪಠ್ಯಪುಸ್ತಕದಲ್ಲೇ ಕ್ಯುಆರ್ ಕೋಡ್ ಇದೆ, ಅದರ ಪಾಠ ತೋರಿಸೋ ಸರ್ಕಾರಿ ದೀಕ್ಷಾ ಆ್ಯಪ್ 2017ರಿಂದ ಪುಕ್ಕಟೆ ಸಿಗ್ತಿದೆ. ಪರದೆ ಮೇಲೇ ವಿಜ್ಞಾನ ಪ್ರಯೋಗ ಮಾಡಿಸೋ ಫೆಟ್ ಸಿಮ್ಯುಲೇಷನ್ನುಗಳು ಕನ್ನಡದಲ್ಲೇ ಇವೆ, ಒಂದು ಸಲ ಇಳಿಸಿಕೊಂಡ್ರೆ ನೆಟ್ ಇಲ್ಲದೆ ಓಡುತ್ತವೆ. ಬೋರ್ಡ್ ಮೇಲೆ ನೋಡೋದು ಟಿವಿ ನೋಡಿದಂಗೇ. ಮಗುವಿನ ಬೆರಳು ಕೀಲಿಮಣೆ ಮುಟ್ಟಬೇಕು ಸ್ವಾಮಿ.

ಹಳೇ_ಬೋಧಕ

ಶಿರಾದವ್ರೇ, ನೀವು ಹೇಳಿದ ರೂಮು ನನಗೆ ಚೆನ್ನಾಗಿ ಗೊತ್ತು. ನಿಮ್ಮೂರಿಗೆ ಬಂದವನಲ್ಲ, ಆದ್ರೆ ಅಂಥದ್ದೇ ರೂಮಲ್ಲಿ ಗುತ್ತಿಗೆ ಕಂಪ್ಯೂಟರ್ ಬೋಧಕನಾಗಿ ಕೆಲಸ ಮಾಡಿದ್ದೀನಿ.

ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ, ನಮ್ಮ ರಾಜ್ಯದಲ್ಲಿ ಇದು ಹೊಸ ಕಥೆಯೇನಲ್ಲ. ಕೇಂದ್ರ ಸರ್ಕಾರ 1984ರಲ್ಲೇ 'ಕ್ಲಾಸ್' ಅಂತ ಯೋಜನೆ ಮಾಡಿ ದೇಶದ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಕೊಟ್ಟಿತ್ತು. 2000ದ ದಶಕದ ಶುರುವಿನಲ್ಲಿ ಕರ್ನಾಟಕದ 1000 ಪ್ರೌಢಶಾಲೆಗಳಿಗೆ ಮಾಹಿತಿ ಸಿಂಧು ಅನ್ನೋ ಕಂಪ್ಯೂಟರ್ ಶಿಕ್ಷಣ ಯೋಜನೆ ಬಂತು. ಆಮೇಲೆ ಕೇಂದ್ರದ್ದೇ ಐಸಿಟಿ ಯೋಜನೆ 2004ರಲ್ಲಿ. ಕಂಪನಿಗಳಿಗೆ ಕೊಡ್ತಿದ್ದ ಈ ಗುತ್ತಿಗೆ ಪದ್ಧತಿಯಲ್ಲಿ ಕಂಪ್ಯೂಟರ್, ಯುಪಿಎಸ್, ಜೊತೆಗೆ ನಮ್ಮಂಥ ಒಬ್ಬ ಬೋಧಕ, ಎಲ್ಲ ಒಂದೇ ಪ್ಯಾಕೇಜು. ಗಡುವು ಮುಗಿದಾಗ ಸಾಮಾನು ಶಾಲೆಗೆ, ಬೋಧಕ ಮನೆಗೆ.

ನನ್ನ ಸಂಬಳ ಮೂರು ತಿಂಗಳಿಗೊಮ್ಮೆ ಬರ್ತಿತ್ತು, ಅದೂ ಕಂಪನಿಯವರ ಮನಸ್ಸು ಬಂದಾಗ. ಶಾಲೆಯ ಮೇಷ್ಟ್ರುಗಳಿಗೆ ನಾನು 'ಕಂಪ್ಯೂಟರ್ ಹುಡುಗ'. ಸ್ಟಾಫ್ ಮೀಟಿಂಗಿಗೆ ಕರೀತಿರಲಿಲ್ಲ, ಆದ್ರೆ ಪ್ರಶ್ನೆಪತ್ರಿಕೆ ಟೈಪ್ ಮಾಡೋಕೆ ಕರೀತಿದ್ರು. ನಾನಿದ್ದಷ್ಟು ದಿನ ಅವರ‍್ಯಾರೂ ಕಂಪ್ಯೂಟರ್ ಕಲೀಲಿಲ್ಲ, ಯಾಕಂದ್ರೆ ನಾನಿದ್ದೆನಲ್ಲ! ನಾನು ಹೋದ ಮರುದಿನ ಬೀಗ. ಅದಕ್ಕೇ ಹೇಳೋದು, ಹೊರಗಿನವನನ್ನ ತರಬೇಡಿ.

ಟೆಕ್ಕಿ_ತಿಮ್ಮ

ಹೊರಗಿನವರು ಬೇಡ ಅಂದ್ರೆ ಕಲಿಸೋರು ಯಾರು ಸರ್? ಇರೋ ಮೇಷ್ಟ್ರುಗಳು ಅಂಜಿ ಬೀಗ ಹಾಕ್ತಾರೆ ಅಂತೀರಿ.

ಪುತ್ತೂರು_ಟು_ಕಾಸ್ರೋಡು

ಇದಕ್ಕೆ ಉತ್ತರ ನಮ್ಮ ಊರಲ್ಲಿ ಉಂಟು ಮಾರಾಯ್ರೆ. ನಾನು ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ನಾವು ಕನ್ನಡದವರೇ, ಆದರೆ ಸರ್ಕಾರ ಕೇರಳದ್ದು, ಗೊತ್ತುಂಟಲ್ಲ.

ಇಲ್ಲಿ ಐಟಿ@ಸ್ಕೂಲ್ ಅಂತ 2001ರಲ್ಲಿ ಶುರು ಮಾಡಿದ್ದು. 2017ರಲ್ಲಿ ಅದು ಕೈಟ್ ಅಂತ ಸರ್ಕಾರಿ ಕಂಪನಿ ಆಯಿತು. ಮುಖ್ಯ ಸಂಗತಿ ಎಂತ ಅಂದ್ರೆ, ಹೊರಗಿನ ಬೋಧಕ ಅಂತ ಇಲ್ಲ. ಶಾಲೆಯ ಟೀಚರುಗಳಲ್ಲೇ ಒಬ್ಬರು ಐಟಿ ಕೋಆರ್ಡಿನೇಟರ್. ಸಮಾಜ ಹೇಳುವವರೂ ಆಗಬಹುದು, ಮಲಯಾಳ ಹೇಳುವವರೂ ಆಗಬಹುದು. ನಮಗೆಲ್ಲ ರಜೆಯಲ್ಲಿ ತರಬೇತಿ. ಐಟಿ ಒಂದು ವಿಷಯ, ಎಸ್ಸೆಸ್ಸೆಲ್ಸಿಯಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಉಂಟು. ಪರೀಕ್ಷೆ ಉಂಟು ಅಂದಮೇಲೆ ಬೀಗ ಹಾಕಿ ಕೂರ್ಲಿಕ್ಕೆ ಆಗ್ತದಾ? ಪುಸ್ತಕ ಕನ್ನಡದಲ್ಲೇ ಬರ್ತದೆ. ಎಲ್ಲ ಮಷಿನ್ನಲ್ಲೂ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್, ಉಬುಂಟು ಆಧಾರದ್ದು, ಒಂದು ಪೈಸೆ ಲೈಸೆನ್ಸ್ ಇಲ್ಲ.

2018ರಲ್ಲಿ ಲಿಟಲ್ ಕೈಟ್ಸ್ ಅಂತ ಮಕ್ಕಳ ಕ್ಲಬ್ ಮಾಡಿದ್ರು. ಪ್ರೊಜೆಕ್ಟರ್ ಕೈಕೊಟ್ರೆ ನಾನು ಯಾರಿಗೂ ಫೋನ್ ಮಾಡುದಿಲ್ಲ, ಒಂಬತ್ತನೇ ಕ್ಲಾಸಿನ ಕ್ಲಬ್ ಹುಡುಗಿಯರನ್ನು ಕರೀತೇನೆ.

ಗದಗಿನ_ಮಾಸ್ತರ

ಅಕ್ಕಾರ, ನಮ್ಮ ಕಡೆನೂ ಒಂದಿಷ್ಟು ಆಗೇತಿ, ಬರೇ ಬೈಕೋತ ಕುಂದರೂದು ಬ್ಯಾಡ. 2011ರಿಂದ ರಾಜ್ಯದ ಶಿಕ್ಷಕರ ತರಬೇತಿ ಇಲಾಖಿ ಡಿಎಸ್‌ಇಆರ್‌ಟಿ ಮತ್ತ ಬೆಂಗಳೂರಿನ ಐಟಿ ಫಾರ್ ಚೇಂಜ್ ಕೂಡಿ ವಿಷಯ ಶಿಕ್ಷಕರ ವೇದಿಕೆ ಅಂತ ಮಾಡಿದ್ರು. ಗಣಿತ, ವಿಜ್ಞಾನ, ಸಮಾಜದ ಮಾಸ್ತರಗೋಳು ಜಿಲ್ಲಾ ತರಬೇತಿ ಸಂಸ್ಥೆ ಡಯಟ್‌ನ್ಯಾಗ ಕುಂತು ಉಬುಂಟು, ಗಣಿತದ ಆಕೃತಿ ಬರಿಯೋ ಜಿಯೋಜೀಬ್ರಾ ಕಲತ್ವಿ. ಮಾಸ್ತರಗೋಳದ್ದ ಒಂದು ಇಮೇಲ್ ಗುಂಪಿತ್ತು. ವೃತ್ತದ ಸ್ಪರ್ಶಕ ಹೆಂಗ ಹೇಳಬೇಕು ಅಂತ ರಾತ್ರಿ ಹತ್ತಕ್ಕ ಪ್ರಶ್ನೆ ಹಾಕಿದ್ರ, ಬೆಳಗಾಗೂದ್ರಾಗ ಬ್ಯಾರೆ ಜಿಲ್ಲಾದವರು ಫೈಲ್ ಮಾಡಿ ಕಳಿಸಿರತಿದ್ರು. ಅಲ್ಲಿಂದ ಮುಂದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಅಂತ ಜಾಲತಾಣನೂ ಆತು.

ಕಂಪ್ಯೂಟರ್ ಕಲಿಸೂದು ಬ್ಯಾರೆ, ಕಂಪ್ಯೂಟರಿನಿಂದ ಗಣಿತ ಕಲಿಸೂದು ಬ್ಯಾರೆ. ಎರಡನೇದ್ದು ತಿಳಿದ ಮೇಲೆ ನಾನ ಕೀಲಿ ಇಸ್ಕೊಂಡೆ.

ಮಂಡ್ಯದ_ಅಮ್ಮ

ನನ್ನದೊಂದು ಪ್ರಶ್ನೆ. 140 ಮಕ್ಕಳಿಗೆ ಹತ್ತು ಕಂಪ್ಯೂಟರ್ ಅಂದ್ರೆ, ಸಲಕ್ಕೆ ಒಂದೇ ಕ್ಲಾಸು ಬಂದ್ರೂ ಒಂದೊಂದ್ರ ಮುಂದೆ ನಾಲ್ಕೈದು ಮಕ್ಕಳು ಕೂರ್ತಾವಲ್ಲ. ಮೌಸ್ ಯಾರ ಕೈಲಿರುತ್ತೆ? ನನ್ನ ಮಗಳು ಏಳನೇ ಕ್ಲಾಸಲ್ಲಿ ಇಡೀ ವರ್ಷ ಹಿಂದೆ ನಿಂತು ನೋಡಿದ್ದಳು ಅಷ್ಟೇ. ಮನೆಗೆ ಬಂದು 'ಅಮ್ಮ, ಕಂಪ್ಯೂಟರ್ ಕ್ಲಾಸ್ ಆಯ್ತು' ಅಂತಿದ್ಲು. ಏನು ಮಾಡ್ದೆ ಅಂದ್ರೆ 'ನೋಡಿದೆ' ಅನ್ನೋಳು.

ಪರದೆ_ಹಿಂದೆ

ಮಂಡ್ಯದ ಅಮ್ಮ, ನೀವು ಕೇಳಿದ್ದು ನೂರಕ್ಕೆ ನೂರು ಸರಿ. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನವರು ಹಳ್ಳಿ ಶಾಲೆಗಳಲ್ಲಿ ಇದನ್ನೇ ಗಮನಿಸಿದ್ರು: ಗುಂಪಲ್ಲಿ ಒಂದು ಮಗು, ಸಾಮಾನ್ಯವಾಗಿ ಜೋರಿರೋ ಮಗು, ಮೌಸ್ ಹಿಡಿದ್ರೆ ಬಿಡೋದೇ ಇಲ್ಲ. ಅದಕ್ಕೆ ಒಂದೇ ಕಂಪ್ಯೂಟರಿಗೆ ಹಲವು ಮೌಸ್ ಸಿಕ್ಕಿಸಿ, ಪ್ರತಿ ಮಗುವಿಗೂ ಬೇರೆ ಬಣ್ಣದ ಬಾಣ ಪರದೆ ಮೇಲೆ ಓಡೋ ಹಾಗೆ ಮಾಡಿದ್ರು. ಎಷ್ಟು ಸರಳ ಉಪಾಯ! ಶಾಲೆಗಳಲ್ಲಿ ಅದು ಯಾಕೆ ಹಬ್ಬಲಿಲ್ಲವೋ.

ಅದಿಲ್ಲದಿದ್ರೂ ಒಂದು ನಿಯಮ ಮಾಡಬಹುದು. ಹುಡುಗಿಯರಿಗೆ ಬೇರೆ ಪಾಳಿ, ಹತ್ತು ನಿಮಿಷಕ್ಕೊಮ್ಮೆ ಗಂಟೆ ಹೊಡೆದು ಕುರ್ಚಿ ಬದಲು.

ನೀರಸ_ನಾಗರಿಕ

ಎಲ್ಲರೂ ಒಂದು ನಿಮಿಷ ನಿಲ್ಲಿ. ಮೊದಲು ಓದೋಕೆ ಬರೆಯೋಕೆ ಬರಲಿ. ಮೇಷ್ಟ್ರುಗಳ ಹುದ್ದೆ ಖಾಲಿ, ಹೆಣ್ಣುಮಕ್ಕಳಿಗೆ ಶೌಚಾಲಯದಲ್ಲಿ ನೀರಿಲ್ಲ, ನೀವು ಕಂಪ್ಯೂಟರ್ ಕಂಪ್ಯೂಟರ್ ಅಂತ ಕುಣೀತೀರಿ. ಪೆರು ದೇಶದಲ್ಲಿ ಮಗುವಿಗೊಂದು ಲ್ಯಾಪ್‌ಟಾಪ್ ಅಂತ ಲಕ್ಷಗಟ್ಟಲೆ ಹಂಚಿದ್ರು, 2012ರಲ್ಲಿ ಅಧ್ಯಯನ ಮಾಡಿ ನೋಡಿದ್ರೆ ಗಣಿತ, ಭಾಷೆಯ ಅಂಕಗಳಲ್ಲಿ ಏನೂ ವ್ಯತ್ಯಾಸ ಇರಲಿಲ್ಲ. ನಮ್ಮ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನವರೇ ಶುರುವಿನಲ್ಲಿ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಕಾ ಕೇಂದ್ರ, ಸಿಡಿಗಳು ಅಂತ ದೊಡ್ಡದಾಗಿ ಮಾಡಿ, ಆಮೇಲೆ ಆ ದಾರಿ ಬಿಟ್ಟು ಶಿಕ್ಷಕರ ಕಡೆ ಹೊರಳಿದ್ರು. ದುಡ್ಡಿದ್ದೋರೇ ಕೈಬಿಟ್ಟಿದ್ದನ್ನ ಗುರುವಂದನೆ ಚಿಲ್ಲರೆಯಲ್ಲಿ ನೀವು ಸಾಧಿಸ್ತೀರಾ?

ಸೋಮಣ್ಣನ_ಹೊಲ

ನೀರಸದವ್ರೇ, ನಿಮ್ಮ ಮಕ್ಕಳ ಶಾಲೆಯಲ್ಲಿ ಕಂಪ್ಯೂಟರ್ ಇದೆಯಾ? ಇದ್ರೆ ಮೊದಲು ಅದನ್ನ ತೆಗೆಸಿ ಆಮೇಲೆ ಇಲ್ಲಿ ಬಂದು ಮಾತಾಡಿ.

ನಾನು ರೈತ. ಪಹಣಿ ತೆಗೆಸೋಕೆ, ಬೆಳೆ ವಿಮೆ ಕಟ್ಟೋಕೆ, ಮಗನ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕೋಕೆ, ಎಲ್ಲಕ್ಕೂ ಸೈಬರ್ ಸೆಂಟರ್ ಮುಂದೆ ಕೈಕಟ್ಟಿ ನಿಲ್ತೀನಿ. ಸ್ಕಾಲರ್‌ಶಿಪ್ ಅರ್ಜಿಯಲ್ಲಿ ಸೆಂಟರಿನವನು ಬ್ಯಾಂಕ್ ಖಾತೆ ನಂಬರ್ ಒಂದು ಅಂಕಿ ತಪ್ಪು ಹೊಡೆದು ಆ ವರ್ಷದ ದುಡ್ಡೇ ಬರಲಿಲ್ಲ. ನನ್ನ ಮಗನಿಗೆ ಇಂಜಿನಿಯರ್ ಆಗು ಅಂತ ಹೇಳ್ತಿಲ್ಲ. ತನ್ನ ಅರ್ಜಿ ತಾನೇ ತುಂಬೋ ಅಷ್ಟು ಬಂದ್ರೆ ಸಾಕು. ಅಂಕ ಬರಲಿ ಬಿಡಲಿ, ಪೆರುವಿನೋರನ್ನ ಕಟ್ಕೊಂಡು ನನಗೇನಾಗ್ಬೇಕು.

ಟೆಕ್ಕಿ_ತಿಮ್ಮ

ಸೋಮಣ್ಣ ಸಿಕ್ಸರ್ 🔥

ನೀರಸ_ನಾಗರಿಕ

ನನ್ನ ಮಕ್ಕಳ ಶಾಲೆಯಲ್ಲಿ ಇದೆ, ಹೌದು. ಅಲ್ಲಿ ನೀರೂ ಇದೆ, ಮೇಷ್ಟ್ರೂ ಇದ್ದಾರೆ. ನಾನು ಕೇಳ್ತಿರೋದು ಯಾವುದು ಮೊದಲು ಅಂತ. ಶಿರಾದವರು ಆ ಶಾಲೆಯಲ್ಲಿ ಎಷ್ಟು ಹುದ್ದೆ ಖಾಲಿ ಅಂತ ಹೇಳಲೇ ಇಲ್ಲ.

ಶಿರಾ_ಹೈದ

ಖಾಲಿ ಇರೋದು ಹಿಂದಿ ಮತ್ತು ಪಿಇಟಿ. ವಿಜ್ಞಾನಕ್ಕೆ ಈ ವರ್ಷ ಅತಿಥಿ ಶಿಕ್ಷಕಿ ಒಬ್ಬರು ಬಂದಿದ್ದಾರೆ, ಚಿಕ್ಕ ವಯಸ್ಸು, ಉತ್ಸಾಹ ಇದೆ. ಟಾಯ್ಲೆಟ್‌ಗೆ ನೀರಿದೆ, ಪಂಚಾಯ್ತಿ ಮೋಟಾರು.

ಚಾಮ್ರಾಜ್ನಗರ್ದೋನು

ನೀವೆಲ್ಲ ಕಂಪ್ಯೂಟರ್ ಅಂತಿದ್ದೀರಿ, ನಮ್ ಜಿಲ್ಲೆಗೆ ಉಪಗ್ರಹಾನೇ ಬಂದಿತ್ತು ಕಣ್ರಪ್ಪ! ಇಸ್ರೋದೋರು 2004ರ ಸೆಪ್ಟೆಂಬರಲ್ಲಿ ಎಜುಸ್ಯಾಟ್ ಹಾರಿಸಿದ್ರಲ್ಲ, ಅದ್ರ ಪ್ರಯೋಗಕ್ಕೆ ಚಾಮರಾಜನಗರದ ಪ್ರೈಮರಿ ಸ್ಕೂಲುಗಳ್ನ ಆರಿಸ್ಕೊಂಡಿದ್ರು. ಹೆಂಚಿನ ಸ್ಕೂಲ್ ಮೇಲೆ ಡಿಶ್ಶು, ಒಳಗೆ ಟಿವಿ. ನಾನಾಗ ಐದ್ನೇ ಕ್ಲಾಸು. ಚೆನ್ನಾಗೇ ಇತ್ತು, ಸುಳ್ ಯಾಕೆ ಹೇಳ್ಲಿ. ಹಾಡು, ನಾಟ್ಕ ಎಲ್ಲ ಬರೋದು. ಕರೆಂಟ್ ಹೋದ್ರೆ ಮಾತ್ರ ಆ ಪಾಠ ಹೋದಂಗೇ, ಉಪಗ್ರಹ ನಮಗೋಸ್ಕರ ಕಾಯ್ಕೊಂಡ್ ಕೂರಲ್ವಲ್ಲ. 2010ಕ್ಕೆ ಉಪಗ್ರಹದ ಆಯಸ್ಸೇ ಮುಗೀತು.

ಹಳೇ_ಬೋಧಕ

ಕೊರೊನಾ ಕಾಲದಲ್ಲೂ ಅದೇ ಕಥೆ. 2020ರಲ್ಲಿ ಚಂದನದಲ್ಲಿ ಸಂವೇದ ಪಾಠ ಬರ್ತಿತ್ತು. ಮೇಷ್ಟ್ರುಗಳು ಬಹಳ ಕಷ್ಟಪಟ್ಟು ಮಾಡಿದ್ರು. ಆದ್ರೆ ಟಿವಿ ಇದ್ದ ಮನೆಯಲ್ಲಿ ಕರೆಂಟಿಲ್ಲ, ಫೋನಿದ್ದ ಮನೆಯಲ್ಲಿ ಅಪ್ಪ ಅದನ್ನ ಕೆಲಸಕ್ಕೆ ತಗೊಂಡು ಹೋಗಿರ್ತಿದ್ದ. ಮಕ್ಕಳು ನಿಜವಾಗಿ ಕೂತು ಕಲಿತದ್ದು ಗುಡಿ ಜಗಲಿ ಮೇಲೆ, ಮರದ ಕೆಳಗೆ, ಮೇಷ್ಟ್ರೇ ಮಕ್ಕಳಿದ್ದಲ್ಲಿಗೆ ಬಂದು ಕಲಿಸ್ತಿದ್ದ ವಿದ್ಯಾಗಮದಲ್ಲಿ. ಅದನ್ನೂ ಅಕ್ಟೋಬರಿನಲ್ಲಿ ನಿಲ್ಲಿಸಿದ್ರು.

ವೈರ್‌ಮನ್_ಹಾಸನ

ಇಷ್ಟು ಹೊತ್ತು ಓದಿದೆ, ಕರೆಂಟಿನ ಬಗ್ಗೆ ಒಬ್ರೂ ಸರಿಯಾಗಿ ಕೇಳ್ಲಿಲ್ಲ. ಅರ್ಥಿಂಗ್ ಇದೆಯಾ?

ಶಿರಾ_ಹೈದ

ಅದು ಹೇಗೆ ಗೊತ್ತಾಗುತ್ತೆ ಅಣ್ಣ?

ವೈರ್‌ಮನ್_ಹಾಸನ

ಗೊತ್ತಿಲ್ಲ ಅಂದ್ರೆ ಇಲ್ಲ ಅಂತಲೇ ಲೆಕ್ಕ. ಸಿಪಿಯು ಡಬ್ಬ ಮುಟ್ಟಿದಾಗ ಬೆರಳು ಜುಮ್ ಅನ್ನುತ್ತಾ? ಸಾಕೆಟ್ಟಿನ ಫೇಸಿಗೂ ಅರ್ಥಿಗೂ ಟೆಸ್ಟ್ ಲ್ಯಾಂಪ್ ಹಿಡಿದ್ರೆ ಪೂರ್ತಿ ಉರಿಯಬೇಕು. ಮಿಣಿಮಿಣಿ ಅಂದ್ರೆ ಕಥೆ ಮುಗೀತು.

ಶಾಲೆ ಕಂಪ್ಯೂಟರು ಹಾಳಾಗೋದು ಮಕ್ಕಳಿಂದ ಅಲ್ಲ, ಕರೆಂಟಿಂದ. ಮಧ್ಯಾಹ್ನ ವೋಲ್ಟೇಜ್ ಬೀಳುತ್ತೆ, ಸಂಜೆ ಪಂಪ್‌ಸೆಟ್ ಆಫ್ ಆದಾಗ ಒಂದೇ ಸಲ ಏರುತ್ತೆ, ಕಂಪ್ಯೂಟರ್ ಒಳಗೆ ಕರೆಂಟ್ ಹಂಚೋ ಎಸ್‌ಎಂಪಿಎಸ್ ಢಂ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಲೈನು, ಪಂಪ್‌ಸೆಟ್ ಲೈನು ಬೇರೆ ಮಾಡಿದ ಕಡೆ ಪರವಾಗಿಲ್ಲ. ಆದ್ರೆ ಎಷ್ಟೋ ಶಾಲೆ ಊರಾಚೆ ಇರ್ತವೆ, ಅವಕ್ಕೆ ಪಂಪ್‌ಸೆಟ್ ಲೈನಿಂದಲೇ ಕರೆಂಟು. ನಿಮ್ಮದು ಯಾವ ಲೈನು, ಅಂದ್ರೆ ಯಾವ ಫೀಡರ್ ಅಂತ ಲೈನ್‌ಮನ್ ಕೇಳಿ. ಇನ್ನು ಭರಣಿ ಮಳೆ ಗುಡುಗಿಗೆ ಮೋಡೆಮ್ ಸುಡೋದು ಮಾಮೂಲಿ. ಬೇಸಿಗೆ ರಜೆ ಕೊಡೋ ದಿನ ಎಲ್ಲ ಪ್ಲಗ್ಗೂ ಕಿತ್ತು ಹೋಗ್ಬೇಕು, ಯಾರೂ ಕೀಳಲ್ಲ.

ನನ್ನ ಮಾತು ಕೇಳೋದಾದ್ರೆ ಡೆಸ್ಕ್‌ಟಾಪೇ ಬೇಡ. ಲ್ಯಾಪ್‌ಟಾಪ್ ತಗೊಳ್ಳಿ. ನಲವತ್ತು ಐವತ್ತು ವ್ಯಾಟಲ್ಲಿ ಕೆಲಸ ಆಗುತ್ತೆ, ಒಳಗೆ ಬ್ಯಾಟರಿ ಇರೋದ್ರಿಂದ ಕರೆಂಟ್ ಕಣ್ಣು ಹೊಡೆದ್ರೂ ಆರಿಹೋಗಲ್ಲ. ಒಂದು ಇನ್ವರ್ಟರು, ಎರಡು ಟ್ಯೂಬ್ಯುಲರ್ ಬ್ಯಾಟರಿಯಲ್ಲಿ ಹತ್ತು ಲ್ಯಾಪ್‌ಟಾಪ್ ಆರಾಮಾಗಿ ಓಡ್ತವೆ.

ಉಬುಂಟು_ಭಟ್ಟ

ವೈರ್‌ಮನ್ ಅಣ್ಣನ ಮಾತಿಗೆ ನನ್ನ ಸಹಿ. ಈಗ ಸಮಯವೂ ಚೆನ್ನಾಗಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಓಡಿಸೋಕಾಗದ ಗಟ್ಟಿಮುಟ್ಟಾದ ಲ್ಯಾಪ್‌ಟಾಪುಗಳನ್ನ ಆಫೀಸುಗಳು ಗುಂಪುಗುಂಪಾಗಿ ಹೊರಗೆ ಹಾಕ್ತಿವೆ. ಬೆಂಗಳೂರಿನ ಎಸ್.ಪಿ. ರೋಡಲ್ಲಿ ಚೌಕಾಸಿ ಮಾಡಿದ್ರೆ 12ರಿಂದ 15 ಸಾವಿರಕ್ಕೆ ಸಿಗುತ್ತೆ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರೋದೇ ತಗೊಳ್ಳಿ. ಕೀಲಿಮಣೆ, ಹಿಂಜು, ಚಾರ್ಜರ್ ಪಿನ್ ಈ ಮೂರನ್ನ ಕೈಯಾರೆ ಅಲ್ಲಾಡಿಸಿ ನೋಡದೆ ದುಡ್ಡು ಕೊಡಬೇಡಿ.

ಲುಬುಂಟು ಅನ್ನೋ ಹಗುರ ಲಿನಕ್ಸ್ ಹಾಕಿ, ಬೆಣ್ಣೆಯಂತೆ ಓಡುತ್ತೆ. ಚಿತ್ರ ಬಿಡಿಸೋ ಟಕ್ಸ್ ಪೇಂಟ್, ಆಟದಲ್ಲೇ ಕಲಿಸೋ ಜಿಕಾಂಪ್ರಿ, ಜಿಯೋಜೀಬ್ರಾ, ಲಿಬ್ರೆ ಆಫೀಸ್ ಎಲ್ಲ ಪುಕ್ಕಟೆ. ನೆಟ್ ಇಲ್ಲದಿದ್ರೂ ಚಿಂತೆಯಿಲ್ಲ, ಒಂದು ಲ್ಯಾಪ್‌ಟಾಪಲ್ಲಿ ಪಾಠ ತುಂಬಿಡೋ ಕೊಲಿಬ್ರಿ ತಂತ್ರಾಂಶ ಹಾಕಿ, ಕಿವಿಕ್ಸ್‌ನಲ್ಲಿ ಕನ್ನಡ ವಿಕಿಪೀಡಿಯ ಇಳಿಸಿ, ಸಾದಾ ವೈಫೈ ರೂಟರ್ ಇಟ್ರೆ ಉಳಿದ ಒಂಬತ್ತೂ ಅದನ್ನೇ ಓದುತ್ತವೆ. ವೈರಸ್ ಕಾಟವೂ ಕಡಿಮೆ. ಹಳ್ಳಿ ಶಾಲೆ ಪೆನ್‌ಡ್ರೈವ್ ಒಳಗೆ ಏನೇನಿರುತ್ತೆ ಅಂತ ಗೊತ್ತಲ್ಲ.

ಟೆಕ್ಕಿ_ತಿಮ್ಮ

ಲಿನಕ್ಸಲ್ಲಿ ಕನ್ನಡ ಟೈಪ್ ಮಾಡೋದು ಹೇಗೆ? ಮೇಷ್ಟ್ರುಗಳಿಗೆ ನುಡಿ ತಂತ್ರಾಂಶ ಬಿಟ್ರೆ ಬೇರೆ ಬರಲ್ಲ.

ಕೀಲಿಮಣೆ_ರಾಯ

ಬಂದೆ, ಬಂದೆ, ನನ್ನ ವಿಷಯ ಬಂತು.

ನುಡಿಯಲ್ಲಿರೋ ಅದೇ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲೂ ಇದೆ, ಕೀಲಿಮಣೆ ಪಟ್ಟಿಯಲ್ಲಿ ಕಗಪ ಅಂತ ಆಯ್ಕೆ ಮಾಡಿ. ಕನ್ನಡ ಅಂತ ಬರೆಯೋಕೆ ಕೆ, ಎನ್, ಎಫ್, ಎನ್, ಡಬ್ಲ್ಯು. ಒತ್ತಕ್ಷರಕ್ಕೆ ನಡುವೆ ಎಫ್. ಅಷ್ಟೇ. ಮಕ್ಕಳು ವಾರದಲ್ಲಿ ಹಿಡಿದುಬಿಡ್ತಾರೆ. ತೊಂದರೆ ಇರೋದು ಮೇಷ್ಟ್ರುಗಳ ಹಳೇ ಫೈಲುಗಳದ್ದು. ಯೂನಿಕೋಡ್ ಅಲ್ಲದ ನುಡಿಯಲ್ಲಿ ಹೊಡೆದ ಹದಿನೈದು ವರ್ಷದ ಪ್ರಶ್ನೆಪತ್ರಿಕೆ ತೆರೆದ್ರೆ, ತಲೆ ಮೇಲೆ ಗೆರೆ ಸೊನ್ನೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ಪರಿವರ್ತಕ ತಂತ್ರಾಂಶ ಇದೆ, ಮೊದಲೇ ಹಾಕಿಕೊಡಿ. ಇಲ್ಲಾಂದ್ರೆ 'ಈ ಕಂಪ್ಯೂಟರ್ ಸರಿ ಇಲ್ಲ' ಅಂತ ಮೊದಲ ದಿನವೇ ತೀರ್ಪು ಬರುತ್ತೆ.

ಪುತ್ತೂರು_ಟು_ಕಾಸ್ರೋಡು

ನಮ್ಮಲ್ಲಿ ಇನ್‌ಸ್ಕ್ರಿಪ್ಟ್ ಅಂತ ಬೇರೆ ಕೀಲಿಮಣೆ ವಿನ್ಯಾಸ ಕಲಿಸ್ತೇವೆ. ಒಮ್ಮೆ ಕಲಿತರೆ ಮಲಯಾಳವೂ ಅದೇ ಬೆರಳಲ್ಲಿ ಬರ್ತದೆ.

ಕೀಲಿಮಣೆ_ರಾಯ

ಇನ್‌ಸ್ಕ್ರಿಪ್ಟ್ ಕರ್ನಾಟಕದಲ್ಲಿ ನಡೆಯಲ್ಲ ಮೇಡಂ, ರಾಜ್ಯ ಸರ್ಕಾರ ಒಪ್ಪಿರೋದು ಕಗಪ.

ಸೋಮಣ್ಣನ_ಹೊಲ

ನನ್ನ ಮಗ ಫೋನಲ್ಲಿ ಮಾತಾಡ್ತಾನೆ, ಅದೇ ಕನ್ನಡದಲ್ಲಿ ಬರ್ಕೊಳುತ್ತೆ. ನಿಮ್ಮ ಜಗಳ ಮುಗಿಯೋ ಹೊತ್ತಿಗೆ ಅವನ ಪಿಯುಸಿ ಮುಗಿದಿರುತ್ತೆ.

ಕೀಲಿಮಣೆ_ರಾಯ

ಮಾತಾಡಿ ಬರೆಸಿದ್ರಲ್ಲಿ ಒತ್ತಕ್ಷರ ತಪ್ಪಿದ್ರೆ ತಿದ್ದೋಕಾದ್ರೂ ಕೀಲಿ ಬೇಕಲ್ಲ ಸೋಮಣ್ಣ. (ಇನ್‌ಸ್ಕ್ರಿಪ್ಟ್ ವಿಷಯಕ್ಕೆ ಬೇರೆ ಚರ್ಚೆ ಶುರು ಮಾಡ್ತೀನಿ, ಮೇಡಂ ದಯವಿಟ್ಟು ಅಲ್ಲಿ ಬನ್ನಿ.)

ಮಲ್ನಾಡ್_ಮಳೆ

ಅಯ್ಯೋ, ಯಾರೂ ಹೋಗ್ಬೇಡಿ.

ಪರದೆ_ಹಿಂದೆ

ಶಿರಾದವರಿಗೆ ಇನ್ನೊಂದು ಮಾತು. ಸುಗತ ಮಿತ್ರ ಅವರು 1999ರಲ್ಲಿ ದೆಹಲಿಯ ಕಾಲ್ಕಾಜಿಯಲ್ಲಿ ಗೋಡೆಗೆ ಕಂಪ್ಯೂಟರ್ ಸಿಕ್ಕಿಸಿ ಬಿಟ್ರಲ್ಲ, ಕೊಳೆಗೇರಿ ಮಕ್ಕಳು ತಾವೇ ಕಲಿತ್ರು ಅಂತ ಭಾರಿ ಸುದ್ದಿಯಾಯ್ತು. ನಿಮ್ಮ ಗ್ರೂಪಿನ ಟ್ಯಾಬ್ ಪಕ್ಷದವರು ಅದನ್ನೇ ಹೇಳ್ತಿರಬಹುದು: ಕೊಟ್ಟುಬಿಡಿ, ಅವೇ ಕಲೀತಾವೆ. ಆಟ, ಚಿತ್ರ ಬಿಡಿಸೋದು, ಹಾಡು ಹಾಕೋದು ಕಲೀತಾವೆ, ನಿಜ. ಮುಂದಕ್ಕೆ ಕರ್ಕೊಂಡು ಹೋಗೋಕೆ ಪಕ್ಕದಲ್ಲಿ ಒಬ್ಬರು ಬೇಕೇ ಬೇಕು. ಕಾರ್ಡು, ಚಟುವಟಿಕೆಯಿಂದ ಕಲಿಸೋ ನಲಿ-ಕಲಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದಾಗ ಮೇಷ್ಟ್ರುಗಳೇ ಕೂತು ಕಾರ್ಡು ತಯಾರಿಸಿದ್ರು, ಅದಕ್ಕೇ ಅದನ್ನ ತಮ್ಮದು ಅಂದ್ಕೊಂಡ್ರು. ನಿಮ್ಮ ಅತಿಥಿ ವಿಜ್ಞಾನ ಶಿಕ್ಷಕಿಯನ್ನ ಯಾರಾದ್ರೂ ಏನು ಬೇಕಮ್ಮಾ ಅಂತ ಕೇಳಿದ್ರಾ?

ಹಳೇ_ಬೋಧಕ

ಅತಿಥಿ ಶಿಕ್ಷಕಿ ಮಾರ್ಚಿಗೆ ಹೋಗಿಬಿಡ್ತಾರೆ, ಅವರೊಬ್ಬರ ಮೇಲೇ ಕಟ್ಟಬೇಡಿ. ಕಾಯಂ ಒಬ್ಬರು, ಅತಿಥಿ ಒಬ್ಬರು, ಒಂಬತ್ತನೇ ಕ್ಲಾಸಿನ ಆರು ಮಕ್ಕಳು, ಅದರಲ್ಲಿ ಮೂರಾದ್ರೂ ಹುಡುಗಿಯರು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಒಂದು ನಿರ್ಣಯ ಬರೆಸಿ: ಬಳಕೆಯಲ್ಲಿ ಕೆಟ್ಟ ಸಾಮಾನಿಗೆ ಶಿಕ್ಷಕರು ಹೊಣೆಯಲ್ಲ, ರಿಪೇರಿ ಹಳೇ ವಿದ್ಯಾರ್ಥಿಗಳದ್ದು. ಗದಗಿನ ಮಾಸ್ತರು ಹೇಳಿದ ಅಂಜಿಕೆಗೆ ಅದೇ ಮದ್ದು.

ಗದಗಿನ_ಮಾಸ್ತರ

ಬರೋಬ್ಬರಿ ಹೇಳಿದ್ರಿ. ದಾನದ ಸಾಮಾನು ಅಂತ ಸ್ಟಾಕ್ ರಿಜಿಸ್ಟರಿನ್ಯಾಗ ಬ್ಯಾರೆ ಪುಟಾ ಮಾಡಸ್ರಿ. ಇಲ್ಲದಿದ್ರ ಎಂಟು ವರ್ಷದ ಮ್ಯಾಲೂ ಕೆಟ್ಟ ಕೀಬೋರ್ಡ್ ವಿಲೇವಾರಿ ಮಾಡಾಕ ಬಿಇಒ ಆಫೀಸಿಗೆ ಅಡ್ಡ್ಯಾಡಬೇಕಾಗತೈತಿ. ನಿಮ್ಮ ರೂಮಿನ್ಯಾಗ ಹೊದ್ದು ಕುಂತಾವಲ್ಲ ಮಾನಿಟರ್, ಅವೂ ಅದಕ್ಕ ಕುಂತಾವು.

ಶಿರಾ_ಹೈದ

ಎಲ್ಲರಿಗೂ ಥ್ಯಾಂಕ್ಸ್. ಇಡೀ ಚರ್ಚೆ ಗ್ರೂಪಿಗೆ ಹಾಕ್ದೆ. ಸ್ಮಾರ್ಟ್ ಬೋರ್ಡ್ ಪಕ್ಷ ಒಡೆದಿದೆ, ದುಬೈ ಟ್ಯಾಬ್ ಮಾತ್ರ ಮುನಿಸಿಕೊಂಡಿದ್ದಾನೆ. ಸೇಲ್ಸ್‌ನವನು ತಾನಾಗೇ 1 ಲಕ್ಷ 45 ಸಾವಿರಕ್ಕೆ ಇಳಿದ. ಅಷ್ಟು ಇಳಿಸೋನು ಮೊದಲು ಎಷ್ಟು ಸೇರಿಸಿದ್ದ ಅಂತ ಎಲ್ಲರಿಗೂ ಅನ್ನಿಸ್ತು.

ನಿನ್ನೆ ಎಚ್ಚೆಮ್ ಮೇಡಂ ಜೊತೆ ಕೂತಿದ್ದೆ. ರಿಕವರಿ ವಿಷಯ ಎತ್ತಿದ ಕೂಡ್ಲೇ ಬಾಯಿಬಿಟ್ರು. ಅವರಿಗೆ ಭಯ ಅದೇ. ಇನ್ನೊಂದು ಸಂಗತಿ: ಮಕ್ಕಳ ದಾಖಲೆ ತುಂಬೋ ಸರ್ಕಾರಿ ತಾಣ ಸ್ಯಾಟ್ಸ್ ಎಂಟ್ರಿ, ಬಿಸಿಯೂಟದ ಲೆಕ್ಕ, ಸ್ಕಾಲರ್‌ಶಿಪ್ ಎಲ್ಲ ಈಗ ಒಬ್ಬ ಮೇಷ್ಟ್ರ ಸ್ವಂತ ಲ್ಯಾಪ್‌ಟಾಪಲ್ಲಿ ನಡೀತಿದೆ. ಹೊಸದು ಬಂದ್ರೆ ಆ ಕೆಲಸಕ್ಕೂ ಆಗುತ್ತಲ್ಲ ಅಂದ್ರು.

ನಮ್ಮ ಲೆಕ್ಕ ಹೀಗಿದೆ: ಹತ್ತು ಲ್ಯಾಪ್‌ಟಾಪಿಗೆ 1 ಲಕ್ಷ 40, ಪ್ರೊಜೆಕ್ಟರಿಗೆ 30, ಇನ್ವರ್ಟರ್ ಬ್ಯಾಟರಿಗೆ 45, ಅರ್ಥಿಂಗ್ ವೈರಿಂಗಿಗೆ 15. ಉಳಿದ 50 ಸಾವಿರ ರಿಪೇರಿಗೆ ಅಂತ ಬ್ಯಾಂಕಲ್ಲಿ.

ಹಳೇ_ಬೋಧಕ

ಸ್ಯಾಟ್ಸ್‌ಗೆ ಅಂತ ಹನ್ನೊಂದನೇದು ತಗೊಂಡು ಆಫೀಸಲ್ಲೇ ಇಡಿ. ಲ್ಯಾಬಿನ ಹತ್ತರಲ್ಲಿ ಒಂದನ್ನ ಆಫೀಸಿಗೆ ಬಿಟ್ರೋ, ಮಾರ್ಚ್ ಹೊತ್ತಿಗೆ ಹತ್ತೂ ಅಲ್ಲೇ ಇರ್ತವೆ.

ಉಬುಂಟು_ಭಟ್ಟ

ಎಸ್.ಪಿ. ರೋಡಿಗೆ ಹೋಗೋ ದಿನ ಹೇಳಿ, ಜೊತೆಗೆ ಬರ್ತೀನಿ. ಲುಬುಂಟು ನಾನೇ ಹಾಕಿಕೊಡ್ತೀನಿ, ಆದ್ರೆ ಒಂದು ಷರತ್ತು: ಹನ್ನೊಂದರಲ್ಲಿ ಎರಡಕ್ಕೆ ಮಾತ್ರ. ಮಿಕ್ಕಿದ್ದು ಆ ಆರು ಮಕ್ಕಳ ಕೈಲೇ ಹಾಕಿಸೋಣ, ಪಕ್ಕದಲ್ಲಿ ಕೂತಿರ್ತೀನಿ.

ನೀರಸ_ನಾಗರಿಕ

ನನ್ನ ಅನುಮಾನ ಹೋಗಿಲ್ಲ. ಆದ್ರೂ ಬ್ಯಾಟರಿ ಲೆಕ್ಕಕ್ಕೆ ಐದು ಸಾವಿರ ಹಾಕ್ತೀನಿ, ಯುಪಿಐ ಕಳಿಸಿ. ಡಿಸ್ಟಿಲ್ಡ್ ವಾಟರ್ ಯಾರು ಹಾಕ್ತಾರೆ ಅಂತ ಗೋಡೆ ಮೇಲೆ ಹೆಸರು ಬರೆಸಿ.

ವೈರ್‌ಮನ್_ಹಾಸನ

ಮುಂದಿನ ಭಾನುವಾರ ತುಮಕೂರಲ್ಲಿ ಕೆಲಸ ಇದೆ, ಮುಗಿಸ್ಕೊಂಡು ನಿಮ್ಮೂರಿಗೆ ಬಂದು ನೋಡ್ತೀನಿ. ಅರ್ಥಿಂಗ್ ಗುಂಡಿಗೆ ಇದ್ದಿಲು ಎರಡು ಮೂಟೆ, ಕಲ್ಲುಪ್ಪು ಒಂದು ಮೂಟೆ ತಂದಿಡಿ. ಗುಂಡಿ ಎಂಟು ಅಡಿ ಬೇಕು. ಶಾಲೆ ಹುಡುಗರ ಕೈಲಿ ತೋಡಿಸ್ಬೇಡಿ, ಪೇಪರಿನೋರು ಬಂದುಬಿಡ್ತಾರೆ.

ಶಿರಾ_ಹೈದ

ಆಯ್ತಣ್ಣ. ನಮ್ಮ ಬ್ಯಾಚಲ್ಲಿ ಜೆಸಿಬಿ ಇಟ್ಟಿರೋನು ಒಬ್ಬ ಇದ್ದಾನೆ, ಗುರುವಂದನೆಗೆ ಅವನ ಪಾಲು ಇನ್ನೂ ಬಂದಿಲ್ಲ. ಗುಂಡಿ ತೋಡಿಸಿಕೊಂಡು ವಜಾ ಹಾಕ್ತೀವಿ.